ಮುಟ್ಟದೆ ಹಿಡಿಯುವ ಎದೆಬಡಿತ

ಮೊಲೆಂ ಕಾಡಿನ ದೂಧ್‌ಸಾಗರದ ಎದುರು ನಿಂತು ಫೋಟೊ ತೆಗೆದವರಿಗೆ ಇದು ಗೊತ್ತು: ಕ್ಯಾಮೆರಾದ ಕಣ್ಣನ್ನು ಅರ್ಧ ಸೆಕೆಂಡ್ ತೆರೆದಿಟ್ಟರೆ ಹನಿಗಳೆಲ್ಲ ಕಲಸಿಹೋಗಿ ನೀರು ನಿಜಕ್ಕೂ ಹಾಲಾಗುತ್ತದೆ. ಜಲಪಾತಕ್ಕೆ ಅದು ಚೆಂದ. ಹೃದಯದ ಚಿತ್ರ ಹಾಗೆ ಕಲಸಿದರೆ ಡಾಕ್ಟರಿಗೆ ಏನೂ ತಿಳಿಯದು.

ಎಂಆರ್‌ಐ ನಿಧಾನದ ಯಂತ್ರ. ಹೃದಯದ ಒಂದು ಸ್ಪಷ್ಟ ಚಿತ್ರಕ್ಕೆ ಅದು ಸಾಮಾನ್ಯವಾಗಿ ಹಲವು ಬಡಿತಗಳಿಂದ ಮಾಹಿತಿಯನ್ನು ಚೂರುಚೂರಾಗಿ ಕೂಡಿಸುತ್ತದೆ. ನಿಮಿಷಕ್ಕೆ 70 ಸಲ ಮಿಡಿಯುವ ಹೃದಯದ ಒಂದು ಬಡಿತಕ್ಕೆ ಪೂರಾ ಒಂದು ಸೆಕೆಂಡೂ ಇಲ್ಲ. ಕೂಡಿಸುವ ಚೂರುಗಳೆಲ್ಲ ಬಡಿತದ ಒಂದೇ ಘಟ್ಟದವಾಗಿರಬೇಕು. ಅದಕ್ಕಾಗಿ ಬಡಿತ ಶುರುವಾದದ್ದನ್ನು ಯಂತ್ರಕ್ಕೆ ತಿಳಿಸುತ್ತಿರಬೇಕು. ಎದೆಗೆ ಅಂಟಿಸಿದ ಇಸಿಜಿ ಪಟ್ಟಿಗಳು ಈ ಕೆಲಸ ಮಾಡುತ್ತವೆ: ಗೆರೆಯಲ್ಲಿ ಚೂಪಾಗಿ ಏಳುವ ಆರ್ ಅಲೆಯೇ ಸೂಚನೆ.

ತೊಡಕಿರುವುದು ಆಯಸ್ಕಾಂತದಲ್ಲಿ. 1.5 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯದಕ್ಕಿಂತ ಸುಮಾರು 30 ಸಾವಿರ ಪಟ್ಟು ಬಲವಾದದ್ದು. ರಕ್ತವೋ ಉಪ್ಪು ಬೆರೆತ, ವಿದ್ಯುತ್ ಹರಿಯಬಲ್ಲ ದ್ರವ. ಅದು ಮಹಾಪಧಮನಿಯಲ್ಲಿ ನುಗ್ಗುವಾಗ ಕಾಂತಕ್ಷೇತ್ರದಿಂದಾಗಿ ಅಲ್ಲೇ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಆಗ ಇಸಿಜಿಯ ಟಿ ಅಲೆ ಉಬ್ಬಿ ಆರ್ ಅಲೆಯಂತೆಯೇ ಕಾಣುತ್ತದೆ, ಯಂತ್ರ ಮೋಸಹೋಗುತ್ತದೆ. 3 ಟೆಸ್ಲಾದಲ್ಲಿ ಈ ಕಾಟ ಇನ್ನೂ ಹೆಚ್ಚು. ಮೇಲಾಗಿ, ಪಟ್ಟಿ ಅಂಟಲೆಂದು ಎದೆಗೂದಲು ಬೋಳಿಸಬೇಕು. ಬೆವರಿದರೆ ಪಟ್ಟಿ ಸಡಿಲವಾಗುತ್ತದೆ.

ಹಾಗಾಗಿಯೇ ಮೈಗೆ ಅಂಟಿಸದೆ ಬಡಿತ ಹಿಡಿಯುವ ಹುಡುಕಾಟ. ನನಗೆ ತುಂಬ ಹಿಡಿಸಿದ ಉಪಾಯ ಪೈಲಟ್ ಟೋನ್. ಪುಟ್ಟ ಪ್ರೇಷಕವೊಂದು ಎದೆಯ ಹತ್ತಿರ ಒಂದೇ ಆವರ್ತನದ ಕ್ಷೀಣ ರೇಡಿಯೊ ಅಲೆಯನ್ನು ಹೊರಡಿಸುತ್ತಲೇ ಇರುತ್ತದೆ, ತಂಬೂರಿಯ ಶ್ರುತಿಯ ಹಾಗೆ. ಹೃದಯ ಹಿಗ್ಗಿ ಕುಗ್ಗಿದಂತೆ, ಉಸಿರಿಗೆ ಎದೆ ಏರಿಳಿದಂತೆ ಆ ಅಲೆಯ ಬಲ ತುಸು ಬದಲಾಗುತ್ತದೆ. ಎಂಆರ್‌ಐ ಯಂತ್ರದ ಕಾಯಿಲ್‌ಗಳೇ ಅದನ್ನು ಹಿಡಿಯುತ್ತವೆ. ಉಸಿರು ಯಾವುದು, ಬಡಿತ ಯಾವುದು ಎಂದು ಕಂಪ್ಯೂಟರ್ ಬೇರ್ಪಡಿಸುತ್ತದೆ. ಇಲ್ಲಿ ಅಳೆಯುವುದು ಹೃದಯದ ವಿದ್ಯುತ್ತನ್ನಲ್ಲ, ಚಲನೆಯನ್ನು. ಆದ್ದರಿಂದ ಉಬ್ಬಿದ ಟಿ ಅಲೆಯ ಗೊಂದಲವಿಲ್ಲ.

ಚಲನೆಯನ್ನೇ ನಂಬಿದ ಇನ್ನೊಂದು ಸಾಧನ ನಮ್ಮ ಬೆಂಗಳೂರಿನದು. 2015ರಲ್ಲಿ ಶುರುವಾದ ಕಂಪನಿಯೊಂದರ ‘ಡೋಝಿ’ ಹಾಳೆಯನ್ನು ಹಾಸಿಗೆಯಡಿ ಇಟ್ಟರೆ ಸಾಕು. ಹೃದಯ ರಕ್ತ ಚಿಮ್ಮಿದಾಗಲೆಲ್ಲ ಮೈ ಅದುರುವ ಅತಿಸೂಕ್ಷ್ಮ ಕಂಪನವನ್ನು ಅದು ಎಣಿಸುತ್ತದೆ. ಅದು ಎಂಆರ್‌ಐಗೆಂದು ಮಾಡಿದ್ದಲ್ಲ, ವಾರ್ಡಿನ ನಿಗಾಕ್ಕೆ. ತತ್ವ ಮಾತ್ರ ನೆಂಟಸ್ತಿಕೆಯದು.

ಯಾವ ವಿಧಾನವಾದರೂ ಬಡಿತ ಲಯ ತಪ್ಪಿದರೆ ತಡವರಿಸುತ್ತದೆ. ನಿಮಗೆ ಆ ತೊಂದರೆಯಿದ್ದರೆ, ಅಥವಾ ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಸ್ಕ್ಯಾನ್ ಕೋಣೆಗೆ ಹೋಗುವ ಮೊದಲೇ ತಂತ್ರಜ್ಞರಿಗೆ ಹೇಳಿ.