ಮೊಡವೆ ಕಲೆಗೆ ಲೇಸರ್: ಮಾಡಿಸೋ ಮುಂಚೆ ಗೊತ್ತಿರಬೇಕಾದದ್ದು

ಹೋದ ವರ್ಷ ಪ್ಲೇಸ್‌ಮೆಂಟ್ ಶುರುವಾಗೋಕೆ ಎರಡೇ ವಾರ ಇತ್ತು. ರಾತ್ರಿ ಊಟ ಮುಗಿಸಿ ಬಂದ ನನ್ನ ರೂಮ್‌ಮೇಟ್ ಮೊಬೈಲ್ ತೋರಿಸಿ, "ಮಗಾ, ಇದು ಮಾಡಿಸ್ಕೊಂಡ್ರೆ ಹೆಂಗೆ?" ಅಂದ. ಯಾವುದೋ ಕ್ಲಿನಿಕ್‌ನ ಜಾಹೀರಾತು. ಎಡಗಡೆ ಗುಳಿ ಬಿದ್ದ ಕೆನ್ನೆ, ಬಲಗಡೆ ನುಣುಪಾದ ಕೆನ್ನೆ. ಪಿಯುಸಿಯಿಂದ ಕಾಡಿದ ಮೊಡವೆ ಇವನ ಮುಖದ ಮೇಲೂ ಗುಳಿಗಳನ್ನು ಬಿಟ್ಟುಹೋಗಿತ್ತು. ಗ್ರೂಪ್ ಫೋಟೋ ಅಂದ್ರೆ ಸಾಕು, ಹಿಂದಿನ ಸಾಲಿಗೆ ಜಾರಿಕೊಳ್ತಿದ್ದ. ಇಂಟರ್ನ್‌ಶಿಪ್‌ನ ಸ್ಟೈಪೆಂಡ್ ಪೂರ್ತಿ ಕೂಡಿಟ್ಟಿದ್ದು ಇದಕ್ಕೇ ಅಂತ ಅವತ್ತು ಗೊತ್ತಾಯ್ತು.

ಮಾರನೇ ದಿನ ಇಬ್ಬರೂ ಚರ್ಮರೋಗ ತಜ್ಞರೊಬ್ಬರ ಹತ್ತಿರ ಹೋದೆವು. ಅವರು ಮುಖ ನೋಡಿದರು, ಇಂಟರ್‌ವ್ಯೂ ಯಾವಾಗ ಅಂತ ಕೇಳಿದರು. "ಈಗ ಬೇಡ, ಅದೆಲ್ಲ ಮುಗಿಸ್ಕೊಂಡು ಬಾ" ಅಂದರು. ಯಾಕೆ ಬೇಡ ಅಂದರು ಅನ್ನೋದು ತಿಳಿದರೆ ಈ ಚಿಕಿತ್ಸೆಯ ಮುಕ್ಕಾಲು ಪಾಲು ತಿಳಿದ ಹಾಗೆ.

ಲೇಸರ್ ಮಾಡೋದೇನು?

ಲೇಸರ್ ಕಲೆಯನ್ನು ಒರೆಸಿ ತೆಗೆಯುತ್ತದೆ ಅಂತ ನಾವು ಅಂದುಕೊಂಡಿರ್ತೀವಿ. ನಿಜವಾಗಿ ಅದು ಮಾಡೋದು ಗಾಯ. ಅಳತೆ ಇಟ್ಟು ಮಾಡುವ ಸಣ್ಣ ಗಾಯ. ಆ ಗಾಯ ಮಾಯುವಾಗ ಚರ್ಮ ಹೊಸ ಕೊಲಾಜೆನ್ ಕಟ್ಟುತ್ತದೆ. ಗುಳಿ ಸ್ವಲ್ಪ ಸ್ವಲ್ಪವಾಗಿ ತುಂಬಿಕೊಳ್ಳೋದು ಅದರಿಂದ.

ಇದಕ್ಕೆ ಹೆಚ್ಚಾಗಿ ಬಳಸೋದು ಕಾರ್ಬನ್ ಡೈಆಕ್ಸೈಡ್ ಲೇಸರ್. 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಇದನ್ನು ಕಂಡುಹಿಡಿದವರು ಸಿ. ಕುಮಾರ್ ಪಟೇಲ್. ಪುಣೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು, ಅಂದ್ರೆ ನಮ್ಮ ಪೈಕಿಯವರೇ! ಇದರ ತರಂಗಾಂತರ 10,600 ನ್ಯಾನೋಮೀಟರ್. ಈ ಬೆಳಕನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ. ಚರ್ಮದ ಜೀವಕೋಶಗಳಲ್ಲಿ ಬಹುಪಾಲು ಇರೋದೇ ನೀರು. ಆ ನೀರು ಕ್ಷಣದಲ್ಲಿ ಆವಿಯಾದಾಗ ಅಷ್ಟು ಜಾಗದ ಚರ್ಮವೂ ಹೋಗುತ್ತದೆ. ಪಲ್ಸ್ 1 ಮಿಲಿಸೆಕೆಂಡ್‌ಗಿಂತ ಚಿಕ್ಕದಾಗಿದ್ದರೆ ಶಾಖ ಅಕ್ಕಪಕ್ಕಕ್ಕೆ ಹರಡೋಕೆ ಹೊತ್ತು ಸಿಗೋದಿಲ್ಲ. ಹೀಟ್ ಟ್ರಾನ್ಸ್‌ಫರ್ ಓದಿದವರಿಗೆ ಇದು ಹೊಸ ವಿಷಯ ಏನಲ್ಲ.

ಎರ್ಬಿಯಂ ಯಾಗ್ ಲೇಸರ್‌ದು 2,940 ನ್ಯಾನೋಮೀಟರ್. ನೀರು ಇದನ್ನು ಹತ್ತು ಪಟ್ಟಿಗೂ ಹೆಚ್ಚು ಹೀರುವುದರಿಂದ ಪಕ್ಕದ ಚರ್ಮಕ್ಕೆ ತಾಗುವ ಶಾಖ ಕಡಿಮೆ. ಇನ್ನೊಂದು ಬಗೆ 1,550 ನ್ಯಾನೋಮೀಟರ್‌ನದ್ದು. ಅದು ಮೇಲ್ಪದರವನ್ನು ಹಾಗೇ ಉಳಿಸಿ ಒಳಗಷ್ಟೇ ಕಾಯಿಸುತ್ತದೆ. ಇಸಿಯವರು ಗಮನಿಸಿ: ಆಪ್ಟಿಕಲ್ ಫೈಬರ್‌ನಲ್ಲಿ ನಿಮ್ಮ ಡೇಟಾ ಓಡೋದೂ ಇದರ ಆಸುಪಾಸಿನಲ್ಲೇ.

ಮೊದಲೆಲ್ಲ ಇಡೀ ಮುಖದ ಮೇಲ್ಪದರವನ್ನೇ ತೆಗೆಯುತ್ತಿದ್ದರು. ಮಾಯೋಕೆ ವಾರಗಟ್ಟಲೆ ಬೇಕಿತ್ತು, ಅಪಾಯವೂ ಜಾಸ್ತಿ. 2004ರಲ್ಲಿ ಫ್ರಾಕ್ಷನಲ್ ಅನ್ನುವ ವಿಧಾನ ಬಂತು. ಇದರಲ್ಲಿ ಬೆಳಕು ಬರಿಗಣ್ಣಿಗೆ ಕಷ್ಟದಲ್ಲಿ ಕಾಣುವಷ್ಟು ಸಣ್ಣ ಚುಕ್ಕಿಗಳಾಗಿ ಬೀಳುತ್ತದೆ. ಚುಕ್ಕಿಗಳ ನಡುವೆ ಆರೋಗ್ಯವಾದ ಚರ್ಮ ಉಳಿದಿರುವುದರಿಂದ ಗಾಯ ಬೇಗ ಮಾಯುತ್ತದೆ. ಈಗ ನಮ್ಮ ಊರುಗಳಲ್ಲಿ ಮೊಡವೆ ಗುಳಿಗೆ ಮಾಡೋದು ಹೆಚ್ಚಾಗಿ ಇದನ್ನೇ.

ನಮ್ಮ ಬಣ್ಣದ ಲೆಕ್ಕ

ಬೈಕ್ ಸೈಲೆನ್ಸರ್ ಕಾಲಿಗೆ ತಾಗಿ ಸುಟ್ಟ ಜಾಗ ನೆನಪಿದೆಯಾ? ಗಾಯ ವಾರದಲ್ಲಿ ಮಾಯ್ತು, ಕಪ್ಪು ಕಲೆ ಮಾತ್ರ ತಿಂಗಳುಗಟ್ಟಲೆ ಉಳಿಯಿತು. ಕಂದು ಚರ್ಮದಲ್ಲಿ ಮೆಲನಿನ್ ತಯಾರಿಸುವ ಕೋಶಗಳು ಗಾಯ ಆದರೆ ಚುರುಕಾಗುತ್ತವೆ. ಲೇಸರ್ ಗಾಯಕ್ಕೂ ಅದೇ ನಿಯಮ. ಬಿಸಿಲಿಗೆ ಚರ್ಮ ಹೇಗೆ ಸ್ಪಂದಿಸುತ್ತದೆ ಅನ್ನೋದರ ಮೇಲೆ ಫಿಟ್ಜ್‌ಪ್ಯಾಟ್ರಿಕ್ ಎಂಬ ವೈದ್ಯರು ಶುರುಮಾಡಿದ ಅಳತೆಯಲ್ಲಿ 6 ವರ್ಗಗಳಿವೆ. ನಮ್ಮಲ್ಲಿ ಹೆಚ್ಚಿನವರು 4 ಅಥವಾ 5ನೆಯದಕ್ಕೆ ಸೇರುತ್ತೇವೆ. ಹಾಗಾಗಿ ಬಿಳಿ ಚರ್ಮದವರಿಗೆ ಇಡುವ ಸೆಟ್ಟಿಂಗ್ ನಮಗೆ ಆಗಿಬರೋದಿಲ್ಲ. ಶಕ್ತಿ ಕಡಿಮೆ, ಚುಕ್ಕಿಗಳು ದೂರ ದೂರ, ಸಿಟಿಂಗ್ ಹೆಚ್ಚು. ನಿಧಾನವೇ ನಮ್ಮ ದಾರಿ.

ಆ ದಿನ, ಆಮೇಲಿನ ವಾರ

ಮೊದಲು ಮರಗಟ್ಟಿಸುವ ಕ್ರೀಮ್ ಹಚ್ಚಿ ಮುಕ್ಕಾಲು ಗಂಟೆ, ಒಂದು ಗಂಟೆ ಕೂರಿಸುತ್ತಾರೆ. ಕಣ್ಣಿಗೆ ರಕ್ಷಣೆಯ ಕವಚ ಇರಲೇಬೇಕು. ಲೇಸರ್ ಓಡೋದು ಅರ್ಧ ಗಂಟೆಯೊಳಗೆ. ಬಿಸಿ ಸೂಜಿ ಚುಚ್ಚಿದ ಹಾಗೆ ಚುರುಚುರು, ಜೊತೆಗೆ ಸುಟ್ಟ ವಾಸನೆ. ಮನೆಗೆ ಬಂದ ಮೇಲೆ ಕೆಲವು ಗಂಟೆ ಉರಿ.

ಮೊದಲ ಎರಡು ಮೂರು ದಿನ ಮುಖ ಕೆಂಪಾಗಿ ಊದಿಕೊಳ್ಳುತ್ತದೆ. ಆಮೇಲೆ ಮರಳು ಕಾಗದದ ಥರ ಒರಟಾಗಿ, ಕಂದು ಚುಕ್ಕಿಗಳಾಗಿ ಸಿಪ್ಪೆ ಏಳುತ್ತದೆ. ಅದು ತಾನಾಗೇ ಉದುರೋಕೆ ಒಂದು ವಾರ ಹಿಡಿಯಬಹುದು. ಕೈಯಲ್ಲಿ ಕೀಳಬಾರದು. ಕೆಂಪು ಇನ್ನೂ ಕೆಲವು ವಾರ ಇರಬಹುದು. ಎರಡು ವಾರದಲ್ಲಿ ಇಂಟರ್‌ವ್ಯೂ ಇದ್ದವನಿಗೆ ಡಾಕ್ಟರ್ ಬೇಡ ಅಂದಿದ್ದು ಇದಕ್ಕೇ. ನೋವು ಹೆಚ್ಚುತ್ತಾ ಹೋದರೆ, ಕೀವು ಅಥವಾ ನೀರ್ಗುಳ್ಳೆ ಕಂಡರೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.

ಎಷ್ಟು ಸರಿಹೋಗುತ್ತೆ?

ಪೂರ್ತಿ ಸರಿಹೋಗಲ್ಲ, ಇದನ್ನು ಮೊದಲೇ ಒಪ್ಪಿಕೊಳ್ಳಿ. ಅಗಲವಾದ, ಆಳವಿಲ್ಲದ ಗುಳಿಗಳು ಚೆನ್ನಾಗಿ ತುಂಬುತ್ತವೆ. ಸೂಜಿಯಲ್ಲಿ ಚುಚ್ಚಿದಂಥ ಕಿರಿದಾದ ಆಳದ ಗುಳಿಗಳಿಗೆ ಬರೀ ಲೇಸರ್ ಸಾಲದು, ಬೇರೆ ವಿಧಾನಗಳನ್ನೂ ಸೇರಿಸಬೇಕು. ಸಾಮಾನ್ಯವಾಗಿ ತಿಂಗಳಿಗೊಂದರಂತೆ ಮೂರು ನಾಲ್ಕು ಸಿಟಿಂಗ್ ಬೇಕಾಗುತ್ತವೆ. ಕೊಲಾಜೆನ್ ಕಟ್ಟುವ ಕೆಲಸ ನಿಧಾನದ್ದು, ಕೊನೆಯ ಸಿಟಿಂಗ್ ಆದ ಮೂರರಿಂದ ಆರು ತಿಂಗಳವರೆಗೂ ನಡೆಯುತ್ತಿರುತ್ತದೆ. ಜಾಹೀರಾತಿನಲ್ಲಿ ಇರೋದು ಒಂದು ಸಿಟಿಂಗ್ ರೇಟು. ನೀವು ಒಟ್ಟು ಖರ್ಚು ಕೇಳಿ.

ಇನ್ನೊಂದು ಮಾತು. ಗುಳಿ ಇಲ್ಲದೆ ಬರೀ ಕಪ್ಪು ಕಲೆ ಇದ್ದರೆ ಲೇಸರ್‌ಗೆ ಓಡಬೇಕಿಲ್ಲ. ಮೊಡವೆ ಹತೋಟಿಗೆ ಬಂದು, ದಿನಾ ಸನ್‌ಸ್ಕ್ರೀನ್ ಹಚ್ಚಿದರೆ ಅಂಥವು ಎಷ್ಟೋ ಸಲ ತಿಂಗಳುಗಳಲ್ಲಿ ತಾವಾಗೇ ತಿಳಿಯಾಗುತ್ತವೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಕ್ರೀಮ್ ಮಾತ್ರ ಹಚ್ಚಬೇಡಿ. ಚರ್ಮ ತೆಳುವಾಗುತ್ತದೆ, ಮೊಡವೆ ಇನ್ನಷ್ಟು ಏಳುತ್ತದೆ.

ಹೋಗುವ ಮುಂಚೆ

ಮುಖದ ತುಂಬ ಹೊಸ ಮೊಡವೆ ಏಳ್ತಾ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ಐಸೊಟ್ರೆಟಿನೊಯಿನ್ ಮಾತ್ರೆ ತಗೊಂಡಿದ್ದರೆ, ತುಟಿ ಹತ್ತಿರ ಹರ್ಪಿಸ್ ಗುಳ್ಳೆ ಬರುತ್ತಿದ್ದರೆ, ಗಾಯ ಆದ ಜಾಗ ಉಬ್ಬಿ ಗಂಟಾಗುವ ಸ್ವಭಾವ ಇದ್ದರೆ ಮುಚ್ಚಿಡದೆ ಹೇಳಿ. ಡಾಕ್ಟರಿಗೆ ನೀವು ಕೇಳಬೇಕಾದ್ದು ನಾಲ್ಕು: ನೀವು ಚರ್ಮರೋಗ ವಿಷಯದಲ್ಲಿ ಪಿಜಿ ಮಾಡಿದ್ದೀರಾ? ಲೇಸರ್ ಹಿಡಿಯೋರು ಯಾರು? ನನ್ನ ಬಣ್ಣದವರಿಗೆ ಮಾಡಿ ಅನುಭವ ಇದೆಯಾ? ಮೊದಲು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡ್ತೀರಾ? ಈ ಪ್ರಶ್ನೆಗಳಿಗೆ ಸಿಟ್ಟಾಗುವ ಕಡೆಯಿಂದ ಎದ್ದು ಬನ್ನಿ.

ನನ್ನ ರೂಮ್‌ಮೇಟ್ ಕಲೆ ಇಟ್ಟುಕೊಂಡೇ ಇಂಟರ್‌ವ್ಯೂಗಳಿಗೆ ಹೋದ, ರಜೆಯಲ್ಲಿ ಮೊದಲ ಸಿಟಿಂಗ್ ಮಾಡಿಸಿಕೊಂಡ. ಹನ್ನೆರಡನೇ ದಿನ, ಎಲ್ಲಾ ವಾಸಿಯಾಯ್ತು ಅಂತ ಸನ್‌ಸ್ಕ್ರೀನ್ ಇಲ್ಲದೆ ಮಧ್ಯಾಹ್ನ ಪೂರ್ತಿ ಕ್ರಿಕೆಟ್ ಆಡಿದ. ಎಡಗೆನ್ನೆ ಕಪ್ಪಾಯಿತು, ತಿಳಿಯಾಗೋಕೆ ಮೂರು ತಿಂಗಳು ಬೇಕಾಯಿತು. ಮುಂದಿನ ಸಿಟಿಂಗ್‌ಗಳಲ್ಲಿ ಹೇಳಿದ ಹಾಗೆ ಕೇಳಿದ. ಈಗ ಮೇಲ್ಮೇಲಿನ ಗುಳಿಗಳು ತುಂಬಿವೆ, ಆಳದವು ಹಾಗೇ ಇವೆ. "ದುಡ್ಡು ದಂಡ ಆಯ್ತಾ?" ಅಂತ ಕೇಳಿದೆ. "ಇಲ್ಲ ಕಣೋ. ಆದ್ರೆ ಇಷ್ಟೇ ಆಗೋದು ಅಂತ ಮೊದಲೇ ಗೊತ್ತಿದ್ರೆ ದಿನಾ ಕನ್ನಡಿ ನೋಡೋದು ತಪ್ಪುತ್ತಿತ್ತು" ಅಂದ. ಅದಕ್ಕೇ ಇಷ್ಟೆಲ್ಲ ಬರೆದೆ.