ಮಕ್ಕಳನ್ನು ಹಿಮ್ಮೇಳಕ್ಕೆ ಕೂಡಿಸಿದ ಎಲಾ ಜೆಂಕಿನ್ಸ್

ನ್ಯೂಯಾರ್ಕಿನ ಫೋಕ್‌ವೇಸ್ ಎಂಬ ಸಣ್ಣ ಕಂಪನಿ 1957ರಲ್ಲಿ ಮಕ್ಕಳಿಗಾಗಿ ಒಂದು ಎಲ್‌ಪಿ ರೆಕಾರ್ಡು ಹೊರತಂದಿತು. ವಾದ್ಯವೃಂದದ ಅಬ್ಬರವಾಗಲಿ, ಕಾರ್ಟೂನು ಪಾತ್ರಗಳ ಕೀಚಲು ದನಿಯಾಗಲಿ ಅದರಲ್ಲಿ ಇರಲಿಲ್ಲ. ಒಬ್ಬ ಹೆಣ್ಣುಮಗಳು ಒಂದು ಸಾಲು ಎತ್ತಿಕೊಡುತ್ತಾಳೆ, ಶಿಕಾಗೊದ ಹುಡುಗ ಹುಡುಗಿಯರು ಅದನ್ನು ಹಿಡಿದು ತಿರುಗಿಸಿ ಹಾಡುತ್ತಾರೆ. ಅಷ್ಟೇ. ಹಾಡಿನ ತರಬೇತಿಯಿಲ್ಲದ ಮಾಮೂಲಿ ಮಕ್ಕಳ ಕೊರಳು ಅವು. ‘ಕಾಲ್ ಅಂಡ್ ರೆಸ್ಪಾನ್ಸ್: ರಿದಮಿಕ್ ಗ್ರೂಪ್ ಸಿಂಗಿಂಗ್’ ಎಂಬುದು ಆ ರೆಕಾರ್ಡಿನ ಹೆಸರು. ಹಾಡಿದವರು ಎಲಾ ಜೆಂಕಿನ್ಸ್. ಆಗ ಅವರಿಗೆ ಮೂವತ್ತು ದಾಟಿತ್ತು. ಅಲ್ಲಿಂದ ಮುಂದೆ ಅರವತ್ತು ವರ್ಷ ಅವರು ಮಾಡಿದ್ದು ಇದೊಂದೇ ಕೆಲಸ. 2024ರ ನವೆಂಬರ್ 9ರಂದು, ನೂರು ವರ್ಷ ತುಂಬಿದ ಮೂರು ತಿಂಗಳಿಗೆ, ಅವರು ಶಿಕಾಗೊದಲ್ಲಿ ತೀರಿಕೊಂಡಾಗ ಅಮೆರಿಕದ ಪತ್ರಿಕೆಗಳು ‘ಮಕ್ಕಳ ಸಂಗೀತದ ಪ್ರಥಮ ಮಹಿಳೆ’ ಎಂದು ಬರೆದವು.

ಮುಮ್ಮೇಳದವರು ಎತ್ತಿಕೊಟ್ಟದ್ದನ್ನು ಹಿಮ್ಮೇಳದವರು ಸೊಲ್ಲು ಹಿಡಿದು ಹಾಡುವ ಪದ್ಧತಿಯನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಸೋಬಾನೆಯಲ್ಲಿ, ಊರ ಭಜನೆಯಲ್ಲಿ, ಕಂಸಾಳೆಯವರ ಮಾದಪ್ಪನ ಕತೆಯಲ್ಲಿ ಅದು ಇದ್ದದ್ದೇ. ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು ಮಾರಲಾದ ಜನ ಅಮೆರಿಕದ ಹೊಲಗಳಲ್ಲಿ, ಚರ್ಚುಗಳಲ್ಲಿ, ರೈಲುಹಳಿ ಹಾಕುವ ಕೆಲಸದಲ್ಲಿ ಇಂಥದೇ ಒಂದು ಹಾಡುಗಾರಿಕೆಯನ್ನು ಉಳಿಸಿಕೊಂಡು ಬಂದರು. ಬ್ಲೂಸ್ ಮತ್ತು ಜಾಝ್ ಸಂಗೀತದ ಬೇರಿನಲ್ಲೂ ಅದೇ ಇದೆ. ಜೆಂಕಿನ್ಸ್ ಅದನ್ನು ಹುಟ್ಟಿಸಲಿಲ್ಲ, ಹಾಗೆಂದು ಹೇಳಿಕೊಳ್ಳಲೂ ಇಲ್ಲ. ಮೂರು ನಾಲ್ಕು ವರ್ಷದ ಮಕ್ಕಳ ಮುಂದೆ ಕೂತು, ಇವರೇ ನನ್ನ ಹಿಮ್ಮೇಳ ಎಂದು ನಂಬಿ ಹಾಡಿದ್ದು ಅವರ ಹೆಚ್ಚುಗಾರಿಕೆ.

ಹುಟ್ಟಿದ್ದು 1924ರ ಆಗಸ್ಟ್ 6ರಂದು, ಮಿಸೌರಿ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿ. ಬೆಳೆದದ್ದು ಶಿಕಾಗೊದ ಸೌತ್ ಸೈಡ್‌ನಲ್ಲಿ. ದಕ್ಷಿಣದ ರಾಜ್ಯಗಳ ಜನಾಂಗಭೇದದಿಂದ ತಪ್ಪಿಸಿಕೊಂಡು ಉತ್ತರಕ್ಕೆ ಗುಳೆ ಬಂದ ಕಪ್ಪು ಜನರ ಕೇರಿಗಳು ಅಲ್ಲಿದ್ದವು. ಮನೆಯವರೆಲ್ಲ ಫ್ಲಡ್ ಮಾಮ ಎಂದು ಕರೆಯುತ್ತಿದ್ದ ಬಂಧುವೊಬ್ಬರು ಉಕ್ಕಿನ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಮೌತ್ ಆರ್ಗನ್ ನುಡಿಸುತ್ತಿದ್ದರು. ಎದುರಿಗೆ ಕೂತು ಕೇಳುತ್ತಿದ್ದ ಹುಡುಗಿಗೆ ಸಂಗೀತ ಹತ್ತಿದ್ದು ಅಲ್ಲಿ. ಮಿಕ್ಕದ್ದು ಬೀದಿಯಲ್ಲಿ ಸಿಕ್ಕಿತು: ಹಗ್ಗದಾಟದ ಹಾಡುಗಳು, ಜೋಡಿಯಾಗಿ ಅಂಗೈ ಬಡಿಯುತ್ತ ಹಾಡುವ ಆಟಗಳು, ಪಕ್ಕದ ಚರ್ಚಿನಿಂದ ಕೇಳಿಬರುವ ದನಿಗಳು. ಕ್ಯಾಬ್ ಕ್ಯಾಲೊವೇ ಎಂಬ ಜಾಝ್ ಗಾಯಕ ವೇದಿಕೆಯಿಂದ ಒಂದು ಅರ್ಥವಿಲ್ಲದ ಉಲಿ ಎಸೆದರೆ ಸಾವಿರ ಜನರ ಸಭೆ ಅದನ್ನೇ ತಿರುಗಿ ಎಸೆಯುತ್ತಿದ್ದದ್ದು ಆಕೆಯ ಮನಸ್ಸಿನಲ್ಲಿ ಕೂತುಬಿಟ್ಟಿತು. ಗುರುಗಳ ಮುಂದೆ ಕೂತು ಕಲಿತ ಶಾಸ್ತ್ರೀಯ ಪಾಠ ಅವರಿಗೆ ಆಗಲಿಲ್ಲ. ನನಗೆ ಅನ್ನಿಸುವಂತೆ ಅದರಿಂದ ಲಾಭವೇ ಆಯಿತು, ಮಗು ಹೇಗೆ ಹಾಡು ಕಲಿಯುತ್ತದೆಯೋ ಅದೇ ದಾರಿಯಲ್ಲಿ ಅವರೂ ಕಲಿತಿದ್ದರು.

ಓದಿದ್ದು ಸಮಾಜಶಾಸ್ತ್ರ. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಿಂದ 1951ರಲ್ಲಿ ಪದವಿ ಪಡೆದರು. ಆ ಊರಿನಲ್ಲಿ ಯಹೂದಿ ಗೆಳೆಯರಿಂದ ಹೀಬ್ರೂ ಹಾಡುಗಳು ಬಂದವು, ಕ್ಯೂಬಾ ಸಂಗೀತದ ಮೋಹದಲ್ಲಿ ಕಾಂಗಾ ಡ್ರಮ್ ಬಂತು. ಶಿಕಾಗೊಕ್ಕೆ ಮರಳಿ ವೈಡಬ್ಲ್ಯುಸಿಎ ಸಂಸ್ಥೆಯಲ್ಲಿ ಹದಿಹರೆಯದವರ ಕಾರ್ಯಕ್ರಮ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಹಾಡು ಅಲ್ಲಿ ಮಕ್ಕಳನ್ನು ಒಟ್ಟಿಗೆ ಸೇರಿಸುವ ಒಂದು ಸಾಧನ ಮಾತ್ರವಾಗಿತ್ತು. ಸ್ಥಳೀಯ ಟಿವಿ ವಾಹಿನಿಯ ಮಕ್ಕಳ ಕಾರ್ಯಕ್ರಮವೊಂದರಲ್ಲಿ ‘ದಿಸ್ ಈಸ್ ರಿದಮ್’ ಎಂಬ ಭಾಗ ನಡೆಸಿಕೊಡಲು ಕರೆ ಬಂದದ್ದು 1956ರಲ್ಲಿ. ಸಂಬಳದ ಕೆಲಸ ಬಿಟ್ಟರು. ಮಕ್ಕಳ ಹಾಡುಗಾರಿಕೆಯನ್ನೇ ನಂಬಿ ಬದುಕುತ್ತೇನೆಂದು ಹೊರಡುವುದು ಆ ಕಾಲದಲ್ಲಿ, ಅದರಲ್ಲೂ ಕಪ್ಪು ಹೆಣ್ಣುಮಗಳೊಬ್ಬಳಿಗೆ, ಧೈರ್ಯದ ಮಾತು. ಮಕ್ಕಳ ಗಾಯಕರೆಂದು ಮುಂದೆ ಹೆಸರಾದ ಕೆನಡಾದ ರಾಫಿ ಈ ಕಸುಬಿನಲ್ಲಿ ಮೊದಲ ಆಲ್ಬಂ ಮಾಡಿದ್ದು 1976ರಲ್ಲಿ. ಅಷ್ಟು ಹೊತ್ತಿಗೆ ಜೆಂಕಿನ್ಸ್ ಇಪ್ಪತ್ತು ವರ್ಷ ಹಾಡಿ ಆಗಿತ್ತು.

ಅವರು ಹಾಡಿಸುತ್ತಿದ್ದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಶುರುವಾಗುವುದು ತಾಳದಿಂದ. ಮಾತಿಲ್ಲ, ರಾಗವಿಲ್ಲ, ಬರೀ ಚಪ್ಪಾಳೆ ಅಥವಾ ಮರದ ತುಂಡಿನ ಮೇಲೆ ಕಡ್ಡಿಯ ಟಕಟಕ. ಮಕ್ಕಳು ಅದನ್ನು ತಿರುಗಿ ಬಡಿಯುತ್ತಾರೆ. ಆಮೇಲೆ ಒಂದು ಸಣ್ಣ ಉಲಿ, ಬಳಿಕ ಒಂದು ಪುಟ್ಟ ಸಾಲು. ಸಾಲು ಎಷ್ಟು ಚಿಕ್ಕದೆಂದರೆ ಮೊದಲ ಸಲ ಕೇಳಿದ ಮಗು ಮರೆಯುವ ಮೊದಲೇ ಹಾಡಿ ಮುಗಿಸಿರುತ್ತದೆ. ಮುಂದಿನ ಸಾಲಿನಲ್ಲಿ ಬದಲಾಗುವುದು ಒಂದೇ ಪದ. ಎರಡು ಸಾಲುಗಳ ನಡುವೆ ಅವರು ಬಿಡುವ ಜಾಗವೇ ಇಡೀ ವಿದ್ಯೆಯ ಗುಟ್ಟು. ಮಕ್ಕಳ ಹಾಡಿನ ಹೆಸರಿನಲ್ಲಿ ಈಗ ಮೊಬೈಲಿನಲ್ಲಿ ಹರಿದುಬರುವ ವೀಡಿಯೊಗಳಲ್ಲಿ ಉಸಿರಾಡಲೂ ಬಿಡುವಿಲ್ಲದಂತೆ ಸದ್ದು ತುಂಬಿರುತ್ತದೆ, ಮಗುವಿನ ಪಾಲಿಗೆ ಏನೂ ಉಳಿದಿರುವುದಿಲ್ಲ. ಜೆಂಕಿನ್ಸ್ ಅವರ ರೆಕಾರ್ಡು ಮಗು ಬಾಯಿ ತೆರೆಯದಿದ್ದರೆ ಅರ್ಧಕ್ಕೆ ನಿಂತಂತೆ.

ಬ್ಯಾರಿಟೋನ್ ಉಕುಲೇಲೆ ಎಂಬ ನಾಲ್ಕು ತಂತಿಯ ಪುಟ್ಟ ವಾದ್ಯ ಅವರಿಗೆ ಪ್ರಿಯವಾಗಿತ್ತು. ಗಿಟಾರಿನಷ್ಟು ದೊಡ್ಡದಲ್ಲ, ತೊಡೆಯ ಮೇಲೆ ಇಟ್ಟುಕೊಂಡು ಮಕ್ಕಳ ಮುಖ ನೋಡುತ್ತ ನುಡಿಸಬಹುದು. ಮೌತ್ ಆರ್ಗನ್ ಅಂತೂ ಕೊನೆಯವರೆಗೂ ಜೊತೆಗಿತ್ತು.

ಮೊದಲ ರೆಕಾರ್ಡಿನಲ್ಲೇ ‘ಡಿಡ್ ಯು ಫೀಡ್ ಮೈ ಕೌ’ ಎಂಬ ಒಂದು ಪ್ರಶ್ನೋತ್ತರದ ಹಾಡು ಇದೆ. ಹಸುವಿಗೆ ಮೇವು ಹಾಕಿದೆಯಾ ಎಂದು ಹಿರಿಯಳು ಕೇಳುತ್ತಾಳೆ, ಮಕ್ಕಳು ಹೌದೆನ್ನುತ್ತಾರೆ. ಹೀಗೆ ಹಗುರವಾಗಿ ಹೊರಟದ್ದು ಹಸುವಿಗೆ ಕಾಯಿಲೆ ಬಂದು, ಅದು ಸತ್ತು, ಹದ್ದುಗಳು ಇಳಿಯುವವರೆಗೂ ಹೋಗುತ್ತದೆ. ಮಕ್ಕಳು ನಗುನಗುತ್ತಲೇ ಹಾಡುತ್ತಾರೆ. ಸಾವಿನ ಮಾತು ಬಂತೆಂದು ಜೆಂಕಿನ್ಸ್ ಹಾಡಿಗೆ ಸಕ್ಕರೆ ಬೆರೆಸಲಿಲ್ಲ. ಮಕ್ಕಳ ಪದ್ಯವೆಂದರೆ ಕೊನೆಯಲ್ಲೊಂದು ಬುದ್ಧಿಮಾತು ಇರಲೇಬೇಕೆಂದು ಹಟ ಹಿಡಿಯುವ ನಮ್ಮ ಪಠ್ಯಪುಸ್ತಕದವರು ಇದನ್ನು ಒಮ್ಮೆ ಕೇಳಿದರೆ ಒಳ್ಳೆಯದು.

1966ರಲ್ಲಿ ಬಂದ ‘ಯು’ಲ್ ಸಿಂಗ್ ಎ ಸಾಂಗ್ ಅಂಡ್ ಐ’ಲ್ ಸಿಂಗ್ ಎ ಸಾಂಗ್’ ಅವರಿಗೆ ದೊಡ್ಡ ಹೆಸರು ತಂದಿತು. ಶೀರ್ಷಿಕೆಯಲ್ಲೇ ಮೊದಲ ಸರದಿ ಮಗುವಿನದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಕಾಪಾಡಿಕೊಳ್ಳಬೇಕಾದ ಧ್ವನಿಮುದ್ರಣಗಳ ತನ್ನ ರಾಷ್ಟ್ರೀಯ ಪಟ್ಟಿಗೆ 2007ರ ಸಾಲಿನಲ್ಲಿ ಇದನ್ನು ಸೇರಿಸಿತು. ಈ ಆಲ್ಬಂಗೂ ಮೊದಲು ಚರ್ಚಿನ ಗಾಯನ ತಂಡದೊಂದಿಗೆ, ಆಮೇಲೆ 1968ರಲ್ಲಿ ಫ್ರಾಂಜ್ ಜಾಕ್ಸನ್ ಅವರ ಜಾಝ್ ತಂಡದೊಂದಿಗೆ ಆಲ್ಬಂಗಳನ್ನು ಮಾಡಿದರು. ಮಕ್ಕಳ ಹಾಡು ಎಂದ ಕೂಡಲೇ ಕಳಪೆ ವಾದ್ಯಗಾರರು ಸಾಕು ಎಂಬ ಲೆಕ್ಕಾಚಾರ ಅವರದಾಗಿರಲಿಲ್ಲ.

ಈ ಹಾಡುಗಳು ಹರಡಿದ ದಾರಿ ಸುಲಭದ್ದಾಗಿರಲಿಲ್ಲ. ಶಾಲೆಯಿಂದ ಶಾಲೆಗೆ, ಊರಿಂದ ಊರಿಗೆ ಕಾರಿನಲ್ಲಿ ಓಡಾಟ. ಬೆಳಿಗ್ಗೆ ಸಭಾಂಗಣದಲ್ಲಿ ನೂರಾರು ಮಕ್ಕಳನ್ನು ಹಾಡಿಸಿ ಬಂದವರಿಗೆ ರಾತ್ರಿ ಹೋಟೆಲಿನಲ್ಲಿ ಕೋಣೆ ಇಲ್ಲವೆನ್ನುವ, ಊಟಕ್ಕೆ ಕೂರಲು ಬಿಡದ ಅಮೆರಿಕ ಅದು. ಜನಾಂಗ ಸಮಾನತೆಗಾಗಿ ಹೋರಾಡುತ್ತಿದ್ದ ಕೋರ್ ಸಂಘಟನೆಯಲ್ಲಿ ಜೆಂಕಿನ್ಸ್ ಸ್ವತಃ ಸಕ್ರಿಯರಾಗಿದ್ದರು. 1960ರ ದಶಕದ ಮೊದಲಲ್ಲಿ ಬರ್ನಡೆಲ್ ರಿಕ್ಟರ್ ಜೊತೆಯಾದರು. ಕಾರ್ಯಕ್ರಮಗಳ ವ್ಯವಸ್ಥೆ, ಲೆಕ್ಕಪತ್ರ, ಪ್ರಯಾಣ ಎಲ್ಲವನ್ನೂ ನೋಡಿಕೊಂಡ ಅವರು ಕೊನೆಯವರೆಗೂ ಜೆಂಕಿನ್ಸ್ ಅವರ ಬಾಳಸಂಗಾತಿಯಾಗಿದ್ದರು. ಎಲ್ಲ ಬಣ್ಣದ ಮಕ್ಕಳನ್ನು ಒಂದೇ ವೃತ್ತದಲ್ಲಿ ಕೂಡಿಸಿ, ಹೀಬ್ರೂ, ಸ್ಪ್ಯಾನಿಷ್, ಸ್ವಾಹಿಲಿ ಹಾಡುಗಳನ್ನು ಹಾಡಿಸಿದ್ದು ಜೆಂಕಿನ್ಸ್ ಅವರ ರಾಜಕೀಯವೂ ಹೌದು. ಭಾಷಣ ಮಾತ್ರ ಮಾಡಲಿಲ್ಲ.

ಈ ಬಹುಭಾಷಾ ಹಾಡುಗಳ ಬಗ್ಗೆ ನನ್ನದೊಂದು ತಕರಾರು ಇದೆ. ದೇಶಕ್ಕೊಂದು ನಮಸ್ಕಾರ, ಭಾಷೆಗೊಂದು ಸಾಲು ಎಂಬಂತೆ ಸಾಗುವಾಗ ಕೆಲವು ಕಡೆ ಪರಿಚಯ ಬಾಗಿಲಲ್ಲೇ ಮುಗಿಯುತ್ತದೆ. ತಮ್ಮ ಕೇರಿಯಲ್ಲಿ ಕೇಳಿ ಬೆಳೆದ ಕಪ್ಪು ಜನರ ಆಟದ ಹಾಡುಗಳನ್ನು ಹಾಡುವಾಗ ಅವರ ದನಿಯಲ್ಲಿ ಇರುವ ಬಿಸುಪು ಇವುಗಳಲ್ಲಿ ಯಾವಾಗಲೂ ಇರುವುದಿಲ್ಲ. ಆದರೆ ಕೊಳ್ಳುವವರು ನನ್ನ ಮಾತು ಕೇಳಲಿಲ್ಲ. 1995ರ ‘ಮಲ್ಟಿಕಲ್ಚರಲ್ ಚಿಲ್ಡ್ರನ್ಸ್ ಸಾಂಗ್ಸ್’ ಅವರ ಕಂಪನಿಯ ಅತ್ಯಂತ ಜನಪ್ರಿಯ ಆಲ್ಬಂಗಳಲ್ಲಿ ಒಂದಾಯಿತು.

ಆ ಕಂಪನಿಯ ಬಗ್ಗೆಯೂ ಹೇಳಬೇಕು. ಫೋಕ್‌ವೇಸ್ ಕಟ್ಟಿದ ಮೋಸೆಸ್ ಆಶ್ ಅವರದು ವ್ಯಾಪಾರಿಗಳು ನಗುವಂಥ ನಿಯಮ: ಒಮ್ಮೆ ಹೊರತಂದ ರೆಕಾರ್ಡನ್ನು, ವರ್ಷಕ್ಕೆ ನಾಲ್ಕೇ ಪ್ರತಿ ಹೋದರೂ, ಪಟ್ಟಿಯಿಂದ ತೆಗೆಯುವಂತಿಲ್ಲ. ಆಶ್ 1986ರಲ್ಲಿ ತೀರಿಕೊಂಡರು. ಮರುವರ್ಷ ಸ್ಮಿತ್‌ಸೋನಿಯನ್ ಸಂಸ್ಥೆ ಎರಡು ಸಾವಿರಕ್ಕೂ ಹೆಚ್ಚು ರೆಕಾರ್ಡುಗಳ ಆ ಸಂಗ್ರಹವನ್ನು ವಹಿಸಿಕೊಂಡಾಗ ಅದೇ ನಿಯಮವನ್ನು ಒಪ್ಪಿಕೊಂಡಿತು. ಮಕ್ಕಳ ಸಂಗೀತಗಾರರಿಗೆ ಇದಕ್ಕಿಂತ ಒಳ್ಳೆಯ ಮನೆ ಸಿಗಲಾರದು. ಏಕೆಂದರೆ ಅವರ ಕೇಳುಗರು ನಾಲ್ಕೈದು ವರ್ಷಕ್ಕೆ ಬೆಳೆದು ಹೊರಟುಹೋಗುತ್ತಾರೆ, ಹಿಂದೆಯೇ ಹೊಸಬರು ಬಂದು ಕೂರುತ್ತಾರೆ. ಹಳೆಯ ಹಾಡು ಅವರಿಗೆ ಹೊಸದೇ. ಬೇಕಾದದ್ದು ಹಾಡು ಅಂಗಡಿಯಲ್ಲಿ ಸಿಗುತ್ತಿರುವುದು. ಸಿನಿಮಾ ಹಾಡಿನಂತೆ ಆರು ತಿಂಗಳ ಗದ್ದಲ ಎಬ್ಬಿಸದೆ, ಶಾಲೆ ಮತ್ತು ಗ್ರಂಥಾಲಯಗಳ ಮೂಲಕ ಜೆಂಕಿನ್ಸ್ ಅವರ ರೆಕಾರ್ಡುಗಳು ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹೋದದ್ದು ಹೀಗೆ.

ಮಿಸ್ಟರ್ ರೋಜರ್ಸ್ ಅವರ ಪ್ರಸಿದ್ಧ ಕಾರ್ಯಕ್ರಮ, ಸೆಸಮಿ ಸ್ಟ್ರೀಟ್ ಮುಂತಾದ ಮಕ್ಕಳ ಟಿವಿ ಕಾರ್ಯಕ್ರಮಗಳಲ್ಲಿ ಜೆಂಕಿನ್ಸ್ ಕಾಣಿಸಿಕೊಂಡರು. 2004ರಲ್ಲಿ ಗ್ರ್ಯಾಮಿಯ ಜೀವಮಾನ ಸಾಧನೆ ಪ್ರಶಸ್ತಿ, 2017ರಲ್ಲಿ ಅಮೆರಿಕ ಸರ್ಕಾರದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಬಂತು. ವಿಚಿತ್ರವೆಂದರೆ ಸ್ಪರ್ಧೆಯಲ್ಲಿ ಗೆಲ್ಲುವ ಮಾಮೂಲಿ ಗ್ರ್ಯಾಮಿ ಅವರ ಯಾವ ಆಲ್ಬಂಗೂ ಸಿಗಲಿಲ್ಲ. ಅವರ ಹಾಡುಗಳನ್ನು ಬೇರೆ ಕಲಾವಿದರು ಹಾಡಿ ಗೌರವ ಸಲ್ಲಿಸಿದ ಆಲ್ಬಂಗೆ ಮಾತ್ರ ಸಿಕ್ಕಿತು. ಎತ್ತಿಕೊಟ್ಟದ್ದನ್ನು ಇನ್ನೊಬ್ಬರು ತಿರುಗಿ ಹಾಡಲಿ ಎಂದೇ ಬದುಕಿದವರಿಗೆ ಇದರಿಂದ ಬೇಸರವಾಗಿರಲಾರದು.

ತೊಂಬತ್ತು ದಾಟಿದ ಮೇಲೂ, 2017ರಲ್ಲಿ, ಅವರ ಹೊಸ ಆಲ್ಬಂ ಬಂತು. ಅವರ ರೆಕಾರ್ಡುಗಳು ಸ್ಮಿತ್‌ಸೋನಿಯನ್ ಫೋಕ್‌ವೇಸ್‌ನಲ್ಲಿ ಇಂದಿಗೂ ಲಭ್ಯ, ಮೊಬೈಲಿನಲ್ಲೂ ಕೇಳಬಹುದು. ಮೊದಲು 1957ರದನ್ನು ಹಾಕಿ, ಆಮೇಲೆ 1966ರದು. ಹಾಕಿಟ್ಟು ಅಡುಗೆಮನೆಗೆ ಹೋಗಬೇಡಿ. ಮನೆಯ, ಪಕ್ಕದ ಮನೆಯ ನಾಲ್ಕು ಮಕ್ಕಳನ್ನು ಕರೆದು ನೆಲದ ಮೇಲೆ ಕೂಡಿಸಿ, ಅವರ ಜೊತೆ ನೀವೂ ಕೂತು ಸೊಲ್ಲು ಹಿಡಿಯಿರಿ. ಅಂಗನವಾಡಿಯ, ನಲಿಕಲಿ ತರಗತಿಯ ಮೇಷ್ಟ್ರು ಮೇಡಂಗಳಾದರೆ ಇಂಗ್ಲಿಷ್ ಹಾಡನ್ನು ಹಾಗೇ ಎತ್ತಿಕೊಳ್ಳುವ ಅಗತ್ಯವೂ ಇಲ್ಲ. ನಿಮ್ಮೂರಿನ ಒಂದು ಆಟದ ಪದ, ಎರಡು ಕೈ, ಸಾಲಿನ ನಡುವೆ ಮಕ್ಕಳಿಗೆ ಬಿಟ್ಟ ಜಾಗ ಇಷ್ಟಿದ್ದರೆ ನಾಳೆಯೇ ಶುರು ಮಾಡಬಹುದು.