ಮೊದಲ ಸಂದರ್ಶನಕ್ಕೆ ಹೊರಡುವ ಮುನ್ನ

ಪದವಿಯ ಕೊನೆಯ ಪರೀಕ್ಷೆ ಮುಗಿದು ವಾರವಾಗುವಷ್ಟರಲ್ಲಿ ಮನೆಗೆ ಬಂದ ನೆಂಟರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಮುಂದೇನು?’ ಸಂದರ್ಶನಕ್ಕೆ ಕರೆ ಬಂದರಂತೂ ಉಪದೇಶಗಳ ಸುರಿಮಳೆ. ಇಸ್ತ್ರಿ ಹಾಕಿದ ಬಟ್ಟೆ ತೊಡು, ಇಂಗ್ಲಿಷಿನಲ್ಲೇ ಮಾತಾಡು, ಧೈರ್ಯವಾಗಿರು. ಆ ಧೈರ್ಯ ಎಲ್ಲಿಂದ ಬರಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ನಿಮ್ಮೆದುರು ಕುಳಿತವರ ಕೈಯಲ್ಲಿರುವುದು ನೀವೇ ಬರೆದುಕೊಟ್ಟ ಒಂದೆರಡು ಪುಟಗಳ ಬಯೋಡಾಟಾ. ಕೆಲಸದ ಅನುಭವವಿಲ್ಲದ ಹೊಸಬರನ್ನು ಅವರು ಇನ್ನೇನು ಕೇಳಿಯಾರು? ಹೆಚ್ಚಿನ ಪ್ರಶ್ನೆಗಳು ಅದರೊಳಗಿಂದಲೇ ಹುಟ್ಟುತ್ತವೆ. ಹೀಗಿರುವಾಗ ಗೆಳೆಯನ ಬಯೋಡಾಟಾವನ್ನು ನಕಲು ಮಾಡಿ ಹೆಸರು ಮಾತ್ರ ಬದಲಿಸಿಕೊಳ್ಳುವುದು ತನ್ನ ದಾರಿಗೆ ತಾನೇ ಮುಳ್ಳು ಹಾಸಿಕೊಂಡಂತೆ. ‘ಹವ್ಯಾಸ: ಓದುವುದು’ ಎಂದು ಬರೆದಿದ್ದೀರಾ? ಕೊನೆಯದಾಗಿ ಓದಿದ ಪುಸ್ತಕ ಯಾವುದೆಂದು ಕೇಳಿದರೆ ಉತ್ತರ ಇರಬೇಕು. ಬಿ.ಕಾಂ. ಮುಗಿಸಿ ‘ಟ್ಯಾಲಿ ಬಲ್ಲೆ’ ಎಂದು ಬರೆದವರಿಗೆ ಸವಕಳಿಯ ಜರ್ನಲ್ ಎಂಟ್ರಿ ಹೇಳಿ ಎಂದಾರು. ಯಾವ ಕೀ ಒತ್ತಬೇಕೆಂದು ಗೊತ್ತಿದ್ದರೆ ಸಾಲದು. ಸವಕಳಿ ಖಾತೆಯನ್ನು ಡೆಬಿಟ್ ಮಾಡಿ ಆಸ್ತಿಯ ಖಾತೆಯನ್ನು ಕ್ರೆಡಿಟ್ ಮಾಡುವುದು ಏಕೆಂದೂ ಗೊತ್ತಿರಬೇಕು. ಬಯೋಡಾಟಾದ ಪ್ರತಿಯೊಂದು ಸಾಲಿಗೂ ಬೆರಳಿಟ್ಟು ‘ಇದರ ಮೇಲೆ ಎರಡು ನಿಮಿಷ ಮಾತಾಡಬಲ್ಲೆನೇ?’ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಆಗದಿದ್ದರೆ ಕಲಿಯಿರಿ, ಇಲ್ಲವೇ ಆ ಸಾಲನ್ನು ಅಳಿಸಿ.

ಇನ್ನೊಂದೆಡೆ, ಬರೆಯಬೇಕಾದುದನ್ನೇ ಬರೆಯದವರೂ ಇದ್ದಾರೆ. ಅಬ್ಬನ ಅಂಗಡಿಯಲ್ಲಿ ಸಂಜೆ ಹೊತ್ತು ಉದ್ರಿ ಲೆಕ್ಕ ಬರೆದವರು, ರಮಝಾನಿನ ಕೊನೆಯ ದಿನಗಳ ನೂಕುನುಗ್ಗಲಿನಲ್ಲಿ ಬಟ್ಟೆ ಅಂಗಡಿಯ ಬಿಲ್ ಕೌಂಟರ್ ಸಂಭಾಳಿಸಿದವರು, ನೆರೆಮನೆಯ ಮಕ್ಕಳಿಗೆ ಟ್ಯೂಷನ್ ಹೇಳಿ ಕಾಲೇಜು ಫೀಸು ಹೊಂದಿಸಿದ ಹುಡುಗಿಯರು ನಮ್ಮ ನಡುವೆ ಎಷ್ಟಿಲ್ಲ? ಕೇಳಿದರೆ ‘ಅನುಭವ ಏನೂ ಇಲ್ಲ’ ಎನ್ನುತ್ತಾರೆ! ಸಾಲ ಬಾಕಿ ಇಟ್ಟ ಗಿರಾಕಿಯ ಜೊತೆ ಜಗಳವಾಡದೆ ಹಣ ವಸೂಲು ಮಾಡಿದ್ದು ಅನುಭವವಲ್ಲದೆ ಮತ್ತೇನು? ಸಂದರ್ಭ ಏನಿತ್ತು, ನೀವೇನು ಮಾಡಿದಿರಿ, ಕೊನೆಗೆ ಏನಾಯಿತು ಎಂಬಷ್ಟನ್ನು ನೇರವಾಗಿ ಹೇಳಿ. ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆಗೂ ಇಂಥ ಒಂದು ಘಟನೆ, ಬಾಯಿಪಾಠ ಮಾಡಿದ ಹತ್ತು ವಾಕ್ಯಗಳಿಗಿಂತ ಒಳ್ಳೆಯ ಉತ್ತರ.

ಕನ್ನಡ ಮಾಧ್ಯಮದವರಿಗೆ ಇಂಗ್ಲಿಷಿನ ಭಯ ಸಹಜ. ಸಣ್ಣ ವಾಕ್ಯಗಳಲ್ಲಿ ನಿಧಾನವಾಗಿ ಮಾತಾಡಿ. ಪ್ರಶ್ನೆ ಅರ್ಥವಾಗದಿದ್ದರೆ ‘ದಯವಿಟ್ಟು ಇನ್ನೊಮ್ಮೆ ಹೇಳುತ್ತೀರಾ?’ ಎಂದು ಕೇಳುವುದು ತಪ್ಪಲ್ಲ. ಊಹಿಸಿ ಏನೋ ಹೇಳುವುದು ತಪ್ಪು. ರಾತ್ರಿ ಊಟವಾದ ಮೇಲೆ ಅಕ್ಕನನ್ನೋ ತಮ್ಮನನ್ನೋ ಎದುರಿಗೆ ಕೂರಿಸಿ ಪ್ರಶ್ನೆ ಕೇಳಿಸಿಕೊಳ್ಳಿ. ಮೊದಲ ದಿನ ನಗು ಬರುತ್ತದೆ, ನಾಲ್ಕನೇ ದಿನ ಮಾತು ಬರುತ್ತದೆ.

ಹೆಣ್ಣುಮಕ್ಕಳಿಗೆ ‘ಮದುವೆಯಾದ ಮೇಲೆ ಕೆಲಸ ಬಿಡುತ್ತೀರಾ?’ ಎಂಬ ಪ್ರಶ್ನೆ ಈಗಲೂ ತಪ್ಪಿಲ್ಲ. ಕೇಳಬಾರದ ಪ್ರಶ್ನೆಯೇ ಅದು, ಆದರೂ ಸಿಡುಕುವುದು ಬೇಡ. ‘ಕೆಲಸದಲ್ಲಿ ಮುಂದುವರಿಯುವ ಉದ್ದೇಶದಿಂದಲೇ ಬಂದಿದ್ದೇನೆ’ ಎಂದಷ್ಟೇ ಹೇಳಿ ಸುಮ್ಮನಾಗಬಹುದು. ರಾತ್ರಿ ಪಾಳಿ, ಬೇರೆ ಊರಿನ ವಾಸ ಇತ್ಯಾದಿಗಳನ್ನು ಮನೆಯವರೊಂದಿಗೆ ಮೊದಲೇ ಮಾತಾಡಿಕೊಂಡಿರಬೇಕು. ಆಯ್ಕೆಯಾದ ಬಳಿಕ ‘ಅಬ್ಬ ಬೇಡ ಅಂತಾರೆ’ ಎಂದರೆ ಮುಂದಿನ ವರ್ಷ ಬರುವ ಹುಡುಗಿಯ ದಾರಿಯೂ ಕಿರಿದಾಗುತ್ತದೆ.

ದಾಖಲೆಗಳ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಈ ತೊಡಕು ಹೆಚ್ಚು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಹಮ್ಮದ್, ಆಧಾರ್‌ನಲ್ಲಿ ಮೊಹಮ್ಮದ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ‘ಎಂ.ಡಿ.’. ತಂಗಿಯ ಫಾತಿಮಾದಲ್ಲಿ ಒಂದು ಕಡೆ ‘ಎಚ್’ ಇದೆ, ಇನ್ನೊಂದು ಕಡೆ ಇಲ್ಲ. ಓದುವಾಗ ಇದು ಯಾರಿಗೂ ಅಡ್ಡಿಯಾಗುವುದಿಲ್ಲ. ಕೆಲಸಕ್ಕೆ ಆಯ್ಕೆಯಾಗಿ ದಾಖಲೆ ಪರಿಶೀಲನೆಯ ಮೇಜಿನ ಮುಂದೆ ನಿಂತಾಗ ಅಡ್ಡಿಯಾಗುತ್ತದೆ. ಹುಟ್ಟಿದ ದಿನಾಂಕ, ತಂದೆಯ ಹೆಸರು, ಇನಿಷಿಯಲ್ ಕೂಡ ಹಾಗೆಯೇ. ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಆಧಾರವಾಗಿ ಹಿಡಿಯುವುದರಿಂದ ಉಳಿದವನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಸುಲಭ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಾಣಿ. ತಿದ್ದುಪಡಿಗೆ ಸಮಯ ಹಿಡಿಯುವುದರಿಂದ ಕೊನೆಯ ವರ್ಷದ ತರಗತಿಯಲ್ಲಿರುವಾಗಲೇ ಇದನ್ನು ಮುಗಿಸುವುದು ಜಾಣತನ.

ಎಲ್ಲ ಉದ್ಯೋಗಕ್ಕೂ ಸಂದರ್ಶನವಿಲ್ಲ ಎಂಬುದೂ ನೆನಪಿರಲಿ. ಕೇಂದ್ರ ಸರಕಾರದ ಗ್ರೂಪ್ ‘ಸಿ’ ಹಾಗೂ ಗೆಜೆಟೆಡ್ ಅಲ್ಲದ ಗ್ರೂಪ್ ‘ಬಿ’ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನ ರದ್ದಾಗಿದೆ. ಅಲ್ಲಿ ಲಿಖಿತ ಪರೀಕ್ಷೆಯದೇ ದರ್ಬಾರು. ಕೇಂದ್ರ ನಾಗರಿಕ ಸೇವಾ ಪರೀಕ್ಷೆಯಲ್ಲಿಯೂ ಒಟ್ಟು 2025 ಅಂಕಗಳಲ್ಲಿ ಸಂದರ್ಶನಕ್ಕಿರುವುದು 275. ಆದ್ದರಿಂದ ಅಧಿಸೂಚನೆಯನ್ನು ಪೂರ್ತಿ ಓದಿ, ಸಮಯವನ್ನು ಎಲ್ಲಿ ವ್ಯಯಿಸಬೇಕೆಂದು ನಿರ್ಧರಿಸಿ.

ಸಂದರ್ಶನಕ್ಕೆ ಕರೆದು ‘ನೋಂದಣಿ ಶುಲ್ಕ’, ‘ತರಬೇತಿ ಠೇವಣಿ’ ಎಂದು ಹಣ ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಮೂಲ ಅಂಕಪಟ್ಟಿ ತೋರಿಸಿ, ನಕಲು ಪ್ರತಿ ಕೊಡಿ, ಮೂಲವನ್ನು ಬಿಟ್ಟು ಬರಬೇಡಿ. ಗಲ್ಫ್ ಉದ್ಯೋಗದ ಸಂದರ್ಶನವಾದರೆ ಏಜೆಂಟರ ನೋಂದಣಿಯನ್ನು ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿದ ಮೇಲೆಯೇ ಪಾಸ್‌ಪೋರ್ಟ್ ಹೊರತೆಗೆಯಿರಿ.

ಮುಗಿಸಿ ಮನೆಗೆ ಬಂದ ಸಂಜೆಯೇ, ಉತ್ತರಿಸಲಾಗದೆ ಹೋದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮರುದಿನಕ್ಕೆ ಅವು ಮರೆತುಹೋಗುತ್ತವೆ.